ಓದಲು ಬಾರದ ಮಗುವಿಗೆ ಚಿಕ್ಕ ಗುಂಪು

ಈ ಸಾಲನ್ನು ಓದುತ್ತಿರುವ ನಿಮ್ಮ ಕಣ್ಣು ಕಾಗದದ ಮೇಲೆ ಸರಾಗವಾಗಿ ಹರಿಯುತ್ತಿದೆಯೆಂದು ನೀವು ಭಾವಿಸಿರಬಹುದು. ವಾಸ್ತವವಾಗಿ ಅದು ಹರಿಯುತ್ತಿಲ್ಲ, ಕುಪ್ಪಳಿಸುತ್ತಿದೆ. ಒಂದೆಡೆ ಸುಮಾರು ಕಾಲು ಸೆಕೆಂಡು ನಿಲ್ಲುತ್ತದೆ, ಕೆಲವು ಅಕ್ಷರಗಳಾಚೆಗೆ ಹಾರುತ್ತದೆ, ಮತ್ತೆ ನಿಲ್ಲುತ್ತದೆ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಪ್ಯಾರಿಸಿನ ನೇತ್ರವೈದ್ಯ ಎಮಿಲ್ ಜವಾಲ್ ಮೊದಲಾದವರು ಈ ಸಂಗತಿಯತ್ತ ವಿದ್ವಾಂಸರ ಗಮನವನ್ನು ಸೆಳೆದರು. ನಿಂತ ಆ ಕಾಲು ಸೆಕೆಂಡಿನಲ್ಲಿ ನಿಮ್ಮ ಮೆದುಳು ಅಕ್ಷರಗಳ ಆಕಾರವನ್ನು ಗುರುತಿಸಿ, ಅವುಗಳ ಧ್ವನಿಯನ್ನು ಕೂಡಿಸಿ, ಶಬ್ದದ ಅರ್ಥವನ್ನು ಹುಡುಕಿ, ಹಿಂದಿನ ಮಾತಿಗೆ ಅದನ್ನು ಹೊಂದಿಸುತ್ತದೆ. ಇಷ್ಟೆಲ್ಲ ಕೆಲಸ ನಡೆಯುತ್ತಿರುವುದು ನಿಮ್ಮ ಅರಿವಿಗೇ ಬರುವುದಿಲ್ಲ.

ಈಗ ಎರಡನೆಯ ತರಗತಿಯ ಒಂದು ಮಗುವನ್ನು ಕಲ್ಪಿಸಿಕೊಳ್ಳಿ. ಅದರ ಮುಂದಿನ ಪುಟದಲ್ಲಿ ‘ಬೆಳಗಿನ ಸೂರ್ಯನು ಬೆಟ್ಟದ ಮೇಲೆ ಬಂದನು’ ಎಂದಿದೆ. ಮಗು ಬೆರಳಿಟ್ಟು ‘ಬೆ, ಳ, ಗಿ, ನ’ ಎಂದು ಒಂದೊಂದೇ ಅಕ್ಷರವನ್ನು ಬಿಡಿಸುತ್ತದೆ. ‘ಸೂರ್ಯ’ದ ಬಳಿ ತಡವರಿಸಿ, ಎರಡು ಮೂರು ಸಲ ತಿರುವಿ ನೋಡಿ, ಹೇಗೋ ಮುಂದೆ ಸಾಗುತ್ತದೆ. ‘ಬಂದನು’ ಎಂಬಲ್ಲಿಗೆ ಬರುವ ಹೊತ್ತಿಗೆ ‘ಬೆಳಗಿನ’ ಎಂಬುದು ಮನಸ್ಸಿನಿಂದ ಜಾರಿಹೋಗಿರುತ್ತದೆ. ಇದು ಬುದ್ಧಿಯ ಕೊರತೆಯಲ್ಲ. ಮನಸ್ಸು ಒಂದೇ ಕಾಲದಲ್ಲಿ ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳ ಸಂಖ್ಯೆ ಯಾರಿಗಾದರೂ ಮಿತವೇ. ಆ ಸ್ಥಳವನ್ನೆಲ್ಲ ಅಕ್ಷರಗಳೇ ಆಕ್ರಮಿಸಿಕೊಂಡರೆ ಅರ್ಥಕ್ಕೆ ಎಡೆಯೆಲ್ಲಿ? ಅದೇ ವಾಕ್ಯವನ್ನು ಬಾಯಲ್ಲಿ ಹೇಳಿದರೆ ಮಗು ಒಡನೆಯೇ ಗ್ರಹಿಸುತ್ತದೆ. ಮನೆಯಲ್ಲಿ ತುಳು, ಕೊಂಕಣಿ, ಲಂಬಾಣಿ, ಉರ್ದು ಆಡುವ ಮಕ್ಕಳಿಗಾದರೋ ಕಷ್ಟ ಇಮ್ಮಡಿ. ಅವರಿಗೆ ಕಣ್ಣಿನೊಡನೆ ಕಿವಿಗೂ ಅಭ್ಯಾಸವಾಗಬೇಕು.

ನಮ್ಮ ಲಿಪಿಯ ಸ್ವಭಾವವನ್ನೂ ಇಲ್ಲಿ ಸ್ವಲ್ಪ ನೋಡಬೇಕು. ಕನ್ನಡವನ್ನು ಬರೆದಂತೆ ಓದುತ್ತೇವೆ, ಓದಿದಂತೆ ಬರೆಯುತ್ತೇವೆ ಎಂದು ನಾವು ಹೆಮ್ಮೆಪಡುವುದುಂಟು. ಆ ಹೆಮ್ಮೆ ಬಹುಮಟ್ಟಿಗೆ ಸರಿಯಾದುದೇ. ಆದರೆ ಕಲಿಯುವ ಮಗುವಿನ ಪಾಲಿಗೆ ವರ್ಣಮಾಲೆಯೊಂದೇ ಲಿಪಿಯಲ್ಲ. ತಲೆಕಟ್ಟು, ಗುಡಿಸು, ಕೊಂಬು, ಏತ್ವ, ಓತ್ವ ಇವೆಲ್ಲವೂ ಸೇರಿ ಒಂದೊಂದು ವ್ಯಂಜನಕ್ಕೆ ಕಾಗುಣಿತದಲ್ಲಿ 15 ರೂಪಗಳು. 34 ವ್ಯಂಜನಗಳಿಗೆ 510. ಕೆಲವು ಬಳಕೆಯಲ್ಲಿಲ್ಲವೆಂದು ಬಿಟ್ಟರೂ 400ಕ್ಕೆ ಕಡಿಮೆಯಾಗದು. ಇದರ ಮೇಲೆ ಒತ್ತಕ್ಷರಗಳು. ‘ಸೂರ್ಯ’ ಎಂಬ ಪದವನ್ನೇ ತೆಗೆದುಕೊಳ್ಳಿ: ಕಿವಿಗೆ ಮೊದಲು ಕೇಳುವುದು ‘ರ್’, ಆಮೇಲೆ ‘ಯ’. ಕಣ್ಣಿಗಾದರೋ ಮೊದಲು ಕಾಣುವುದು ‘ಯ’, ಅದರ ಬಳಿಕ ಅರ್ಕಾವೊತ್ತು. ಎಡದಿಂದ ಬಲಕ್ಕೆ ಓದಬೇಕೆಂದು ಆಗಷ್ಟೇ ಕಲಿತ ಮಗು ‘ಸೂಯರ್’ ಎಂದರೆ ಅದು ತಪ್ಪು ಮಾಡಿದ್ದಲ್ಲ, ಹೇಳಿಕೊಟ್ಟ ನಿಯಮವನ್ನು ಪ್ರಾಮಾಣಿಕವಾಗಿ ಪಾಲಿಸಿದ್ದು! ಬೆಂಗಳೂರಿನಲ್ಲಿದ್ದು ಕನ್ನಡ ಮಕ್ಕಳ ಓದನ್ನು ಅಭ್ಯಸಿಸಿದ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಸಂಗತಿಯನ್ನು ಸ್ಪಷ್ಟಪಡಿಸಿದ್ದಾರೆ. ಇಂಗ್ಲಿಷಿನಂಥ ವರ್ಣಲಿಪಿಯ ಅಕ್ಷರಗಳ ಪರಿಚಯ ಸಾಮಾನ್ಯವಾಗಿ ಶಾಲೆಯ ಆರಂಭದ ಕಾಲದಲ್ಲಿಯೇ ಮುಗಿದುಹೋದರೆ, ಕನ್ನಡದ ಅಕ್ಷರಜ್ಞಾನ ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ. ಆದರೆ ನಮ್ಮ ಪಠ್ಯಪುಸ್ತಕಗಳು ಅಷ್ಟು ಕಾಲ ಕಾಯುವುದಿಲ್ಲ.

ಕಾಯದಿದ್ದುದರ ಫಲವು ಅಂಕಿ-ಅಂಶಗಳಲ್ಲಿ ಕಾಣುತ್ತದೆ. ‘ಅಸರ್’ ಎಂಬ ಹೆಸರಿನ ಸಮೀಕ್ಷೆಯೊಂದು 2005ರಿಂದ ನಮ್ಮ ದೇಶದ ಹಳ್ಳಿಗಳಲ್ಲಿ ನಡೆಯುತ್ತ ಬಂದಿದೆ. ಕಾರ್ಯಕರ್ತರು ಮನೆಗೆ ಹೋಗಿ, ಪ್ರತಿ ಮಗುವಿನ ಬಳಿ ಕುಳಿತು, ಅಕ್ಷರ, ಪದ, ಸಣ್ಣ ವಾಕ್ಯವೃಂದ, ಚಿಕ್ಕ ಕಥೆ ಇವುಗಳನ್ನು ಓದಿಸಿ ನೋಡುತ್ತಾರೆ. ಒಂದು ಮಗುವಿಗೆ ಕೆಲವೇ ನಿಮಿಷಗಳು ಸಾಕು. 2024ರ ಸಮೀಕ್ಷೆಯಲ್ಲಿ ಗ್ರಾಮೀಣ ಭಾರತದ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಮಟ್ಟದ ಪಾಠವನ್ನು ಓದಬಲ್ಲವರು ನೂರಕ್ಕೆ ಸುಮಾರು 27 ಮಂದಿ. ಐದನೆಯ ತರಗತಿಯಲ್ಲಿಯೂ ಅರ್ಧಕ್ಕಿಂತ ಸ್ವಲ್ಪ ಕಡಿಮೆ, 49. ಅಂದರೆ ಐದು ವರ್ಷ ಶಾಲೆಯಲ್ಲಿ ಕುಳಿತ ಇಬ್ಬರಲ್ಲಿ ಒಬ್ಬ ಮಗುವಿಗೆ ವಿಜ್ಞಾನ, ಇತಿಹಾಸ, ಗಣಿತದ ಸಮಸ್ಯೆ ಎಲ್ಲವೂ ಬಾಗಿಲು ಮುಚ್ಚಿದ ಮನೆಗಳೇ ಸರಿ.

ಇದಕ್ಕೆ ಪರಿಹಾರವಾಗಿ, ಓದಿನಲ್ಲಿ ಹಿಂದುಳಿದ ಮಕ್ಕಳನ್ನು ದಿನಕ್ಕೆ ಸ್ವಲ್ಪ ಹೊತ್ತು ಚಿಕ್ಕ ಗುಂಪಾಗಿ ಕೂರಿಸಿ ಓದಿಸಬೇಕೆಂಬ ಸಲಹೆ ಹಳೆಯದು. ಅದು ಒಳ್ಳೆಯ ಸಲಹೆಯೆಂದು ಎಲ್ಲರೂ ತಲೆದೂಗುತ್ತಾರೆ. ಅದಕ್ಕೆ ತೆರಬೇಕಾದ ಬೆಲೆಯ ಮಾತು ಬಂದೊಡನೆ ಸುಮ್ಮನಾಗುತ್ತಾರೆ. ಆ ಬೆಲೆ ಹಣವಲ್ಲ. ಉಪಾಧ್ಯಾಯರ ಕಾಲವನ್ನು ಎಲ್ಲ ಮಕ್ಕಳಿಗೂ ಸಮನಾಗಿ ಹಂಚಬೇಕೆಂಬ ನಮ್ಮ ರೂಢಿಯನ್ನು ಬಿಟ್ಟುಕೊಡಬೇಕಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಅದನ್ನು ಬಿಟ್ಟುಕೊಡಲೇಬೇಕು. ಹೇಗೆಂಬುದನ್ನು ಲೆಕ್ಕದಿಂದಲೇ ನೋಡೋಣ.

2009ರ ಶಿಕ್ಷಣ ಹಕ್ಕಿನ ಕಾಯಿದೆಯ ಪ್ರಕಾರ ಪ್ರಾಥಮಿಕ ಶಾಲೆಯಲ್ಲಿ 30 ಮಕ್ಕಳಿಗೆ ಒಬ್ಬ ಉಪಾಧ್ಯಾಯರಿರಬೇಕು. 40 ನಿಮಿಷದ ಒಂದು ಅವಧಿಯನ್ನು 30 ಮಕ್ಕಳಿಗೆ ಸಮನಾಗಿ ಹಂಚಿದರೆ ತಲೆಗೆ 80 ಸೆಕೆಂಡುಗಳು. ಅದೂ ಉಪಾಧ್ಯಾಯರು ಹಾಜರಿ ಕರೆಯದೆ, ಪಾಠ ಹೇಳದೆ, ಗದರಿಸದೆ, ಬರಿಯ ಓದಿಸುತ್ತಲೇ ಇದ್ದರೆ. ವರ್ಷಕ್ಕೆ 200 ದಿನ ಶಾಲೆ ನಡೆದರೂ ಒಂದು ಮಗು ಉಪಾಧ್ಯಾಯರ ಕಿವಿಗೆ ಬೀಳುವಂತೆ ಓದುವುದು ನಾಲ್ಕೂವರೆ ಗಂಟೆಗಿಂತಲೂ ಕಡಿಮೆ. ಸೈಕಲ್ ತುಳಿಯುವುದನ್ನು ಕೂಡ ಅಷ್ಟರಲ್ಲಿ ಕಲಿಯುವುದು ಕಷ್ಟ. ಐದೇ ಮಕ್ಕಳ ಗುಂಪಾದರೋ ತಲೆಗೆ 8 ನಿಮಿಷ; ವರ್ಷಕ್ಕೆ 26 ಗಂಟೆಗಳಿಗೂ ಮೇಲೆ.

ಲೆಕ್ಕದಲ್ಲಿ ಚುರುಕಾದ ವಾಚಕರು ಇಲ್ಲಿಯೇ ಆಕ್ಷೇಪವೆತ್ತಬಹುದು. ಉಪಾಧ್ಯಾಯರೊಬ್ಬರೇ ಇರುವಲ್ಲಿ 30 ಮಕ್ಕಳನ್ನು ಆರು ಗುಂಪು ಮಾಡಿ ಸರದಿಯಂತೆ ನೋಡಿಕೊಂಡರೆ ಮತ್ತೆ ಅದೇ 80 ಸೆಕೆಂಡು ತಾನೆ? ನಿಜ. ಗುಂಪು ಮಾಡುವುದರಿಂದ ಕಾಲವು ಹುಟ್ಟಿಬರುವುದಿಲ್ಲ. ಆದುದರಿಂದಲೇ ಹಂಚಿಕೆ ಅಸಮಾನವಾಗಬೇಕೆಂದು ನಾನು ಹೇಳುತ್ತಿರುವುದು. 30 ಮಂದಿಯಲ್ಲಿ 20 ಮಂದಿಗೆ ಒಂದು ಪುಟವನ್ನು ತಾವಾಗಿ ಓದಿಕೊಳ್ಳಲು ಬರುತ್ತದೆಯೆನ್ನೋಣ. ಆ ಹೊತ್ತಿನಲ್ಲಿ ಅವರ ಕೈಗೆ ಕಥೆಯ ಪುಸ್ತಕಗಳನ್ನು ಕೊಟ್ಟು ಇಬ್ಬಿಬ್ಬರಾಗಿ ಓದಿಕೊಳ್ಳಲು ಬಿಡಬೇಕು. ಉಳಿದ ಹತ್ತು ಮಂದಿಯನ್ನು ಎರಡು ಗುಂಪು ಮಾಡಿ ತಲಾ 20 ನಿಮಿಷ ಓದಿಸಿದರೆ ಒಂದೊಂದು ಮಗುವಿಗೂ 4 ನಿಮಿಷ, ಹಿಂದಿನ ಮೂರರಷ್ಟು, ಸಿಕ್ಕುತ್ತದೆ. ಒಂದು ಮಗು ಓದುವಾಗ ಉಳಿದ ನಾಲ್ವರ ಬೆರಳುಗಳು ಅದೇ ಸಾಲಿನ ಮೇಲೆ ಓಡುತ್ತಿರುವುದರಿಂದ ಆ ನಾಲ್ಕು ನಿಮಿಷದ ಫಲ ಇಪ್ಪತ್ತಕ್ಕೂ ಹರಡುತ್ತದೆ. ಮೂವತ್ತು ಮಂದಿಯಲ್ಲಿ ಯಾರ ಬೆರಳು ಎಲ್ಲಿದೆಯೆಂದು ಕಾಣುವವರಾರು?

ಕಾಣದೆ ಹೋಗುವುದಕ್ಕೆ ಇನ್ನೊಂದು ಕಾರಣವೂ ಉಂಟು. ನಮ್ಮ ಶಾಲೆಗಳಲ್ಲಿ ಒಕ್ಕೊರಲಿನಿಂದ ಓದಿಸುವ ಪದ್ಧತಿ ಬಹಳ ಜನಪ್ರಿಯ. ದಾರಿಯಲ್ಲಿ ಹೋಗುವವರಿಗೆ ಇಂಪಾಗಿಯೇ ಕೇಳಿಸುತ್ತದೆ. ಆದರೆ ಆ ಕೋರಸ್ಸಿನಲ್ಲಿ ಹತ್ತು ಮಕ್ಕಳು ಓದುತ್ತಿರುತ್ತಾರೆ, ಹತ್ತು ಮಕ್ಕಳು ಕೇಳಿ ಹೇಳುತ್ತಿರುತ್ತಾರೆ, ಇನ್ನು ಹತ್ತು ಮಕ್ಕಳಿಗೆ ಪಾಠವು ಬಾಯಿಪಾಠವಾಗಿರುತ್ತದೆ. ಕೊನೆಯವರ ಪುಸ್ತಕವನ್ನು ತಲೆಕೆಳಗಾಗಿ ಹಿಡಿಸಿದರೂ ಪಾಠ ನಿಲ್ಲದು. ಪದ್ಯಕ್ಕೆ, ಮಗ್ಗಿಗೆ ಇದು ಒಪ್ಪುತ್ತದೆ. ಓದಿನ ತಪ್ಪನ್ನು ಹಿಡಿಯಲು ಇದಕ್ಕಿಂತ ಕೆಟ್ಟ ಉಪಾಯ ಮತ್ತೊಂದಿಲ್ಲ.

ಗುಂಪು ಎಷ್ಟು ಚಿಕ್ಕದಾಗಿರಬೇಕು? ಅಮೆರಿಕದ ಟೆಕ್ಸಾಸಿನಲ್ಲಿ ಷರಾನ್ ವಾನ್ ಮತ್ತು ಅವರ ಸಹೋದ್ಯೋಗಿಗಳು ಎರಡನೆಯ ತರಗತಿಯ ಹಿಂದುಳಿದ ಮಕ್ಕಳಿಗೆ ಒಂದೇ ಬಗೆಯ ಪಾಠವನ್ನು ಮೂರು ವಿಧವಾಗಿ ಕೊಟ್ಟು ನೋಡಿದರು: ಒಬ್ಬ ಬೋಧಕರಿಗೆ ಒಂದು ಮಗು, ಮೂರು ಮಕ್ಕಳು, ಹತ್ತು ಮಕ್ಕಳು. 2003ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಹತ್ತರ ಗುಂಪಿಗಿಂತ ಒಂದೂ ಮೂರೂ ಮೇಲೆನಿಸಿದವು. ಸ್ವಾರಸ್ಯವೆಂದರೆ, ಮೂರಕ್ಕಿಂತ ಒಂದು ಹೆಚ್ಚೇನೂ ಅಲ್ಲವೆಂದು ಕಂಡುಬಂದಿತು. ಮಗುವಿಗೆ ಒಬ್ಬ ಖಾಸಗಿ ಉಪಾಧ್ಯಾಯನನ್ನು ನೇಮಿಸುವ ಶ್ರೀಮಂತ ತಂದೆತಾಯಿಗಳು ಇದನ್ನು ಗಮನಿಸಬಹುದು. ಧ್ವನಿಗಳನ್ನು ಬಿಡಿಸಿ ಕೂಡಿಸುವ ಅಭ್ಯಾಸಕ್ಕೆ ಒಂಟಿ ಪಾಠಕ್ಕಿಂತಲೂ ಇಡೀ ತರಗತಿಯ ಪಾಠಕ್ಕಿಂತಲೂ ಚಿಕ್ಕ ಗುಂಪೇ ಹೆಚ್ಚು ಫಲಕಾರಿಯೆಂದು ಅಲ್ಲಿಯ ರಾಷ್ಟ್ರೀಯ ವಾಚನ ಮಂಡಳಿಯೂ 2000ದ ತನ್ನ ವರದಿಯಲ್ಲಿ ಹೇಳಿತ್ತು. ಮಗು ತನ್ನ ತಪ್ಪಿನಿಂದ ಕಲಿಯುವಂತೆ ಜೊತೆಯವರ ತಪ್ಪಿನಿಂದಲೂ ಕಲಿಯುತ್ತದೆ. ಒಂಟಿಯಾಗಿ ಕುಳಿತ ಮಗುವಿಗೆ ಆ ಲಾಭವಿಲ್ಲ.

ಅಮೆರಿಕದ ಮಾತು ನಮಗೇಕೆಂಬವರಿಗೆ ನಮ್ಮ ದೇಶದ್ದೇ ಆದ ಪ್ರಯೋಗಗಳು ಇವೆ. ಅವು ಹೆಚ್ಚು ವಿಚಾರಯೋಗ್ಯವೂ ಹೌದು. 2001ರಿಂದ 2003ರವರೆಗೆ ಮುಂಬಯಿ ಮತ್ತು ವಡೋದರಾ ನಗರಗಳ ಪೌರಸಭೆಯ ಶಾಲೆಗಳಲ್ಲಿ ‘ಪ್ರಥಮ್’ ಸಂಸ್ಥೆಯವರು ‘ಬಾಲಸಖಿ’ ಎಂಬ ಯೋಜನೆಯನ್ನು ನಡೆಸಿದರು. ಪ್ರೌಢಶಾಲೆಯ ಓದು ಮುಗಿಸಿದ ನೆರೆಹೊರೆಯ ಯುವತಿಯರಿಗೆ ಎರಡು ವಾರಗಳ ತರಬೇತಿಯನ್ನಿತ್ತು, ತಿಂಗಳಿಗೆ 500ರಿಂದ 750 ರೂಪಾಯಿಗಳವರೆಗೆ ಸಂಭಾವನೆ ಕೊಟ್ಟು, ಮೂರನೆಯ ಮತ್ತು ನಾಲ್ಕನೆಯ ತರಗತಿಗಳಲ್ಲಿ ಹಿಂದುಳಿದ 15ರಿಂದ 20 ಮಕ್ಕಳನ್ನು ಅವರ ವಶಕ್ಕೆ ಒಪ್ಪಿಸಲಾಯಿತು. ಶಾಲೆಯ ವೇಳೆಯಲ್ಲಿಯೇ ದಿನಕ್ಕೆ ಎರಡು ಗಂಟೆ ಈ ಗುಂಪು ಬೇರೆಯಾಗಿ ಕುಳಿತು ಮೂಲಭೂತವಾದ ಓದು, ಲೆಕ್ಕಗಳನ್ನು ಕಲಿಯುತ್ತಿತ್ತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿಬ್ಬರು ವಿದ್ವಾಂಸರು ಇದನ್ನು ಅಳೆದರು. ಮುಂದೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಮೈಕೆಲ್ ಕ್ರೆಮರ್ ಅವರೊಡನೆ ಹಂಚಿಕೊಂಡವರು ಇವರಲ್ಲಿ ಮೊದಲ ಇಬ್ಬರೇ. ಯಾವ ಶಾಲೆಗೆ ಬಾಲಸಖಿ ದೊರೆಯಬೇಕೆಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸಿದ್ದರಿಂದ ಹೋಲಿಕೆಯಲ್ಲಿ ಪಕ್ಷಪಾತಕ್ಕೆ ಎಡೆಯಿರಲಿಲ್ಲ. ಎರಡನೆಯ ವರ್ಷದ ಕೊನೆಗೆ ಬಾಲಸಖಿಯಿದ್ದ ಶಾಲೆಗಳ ಸರಾಸರಿ ಅಂಕಗಳು 0.28 ಮಾನಕ ವಿಚಲನೆಯಷ್ಟು ಮೇಲೇರಿದ್ದವು. ಸಂಖ್ಯಾಶಾಸ್ತ್ರವನ್ನು ಓದದವರಿಗಾಗಿ ಹೇಳುವುದಾದರೆ, ನೂರು ಮಕ್ಕಳನ್ನು ಅಂಕಗಳ ಕ್ರಮದಲ್ಲಿ ನಿಲ್ಲಿಸಿದಾಗ ನಟ್ಟನಡುವೆ ಇದ್ದ ಮಗು ಸುಮಾರು ಹನ್ನೊಂದು ಮಂದಿಯನ್ನು ದಾಟಿ ಮುಂದೆ ಬಂದಂತೆ. ಈ ಏರಿಕೆಯ ಬಹುಭಾಗ ತೀರ ಕೆಳಗಿದ್ದ ಮಕ್ಕಳದು.

ಈ ಪ್ರಯೋಗದ ಒಂದು ಅಂಶ ಮಾತ್ರ ಸಾಮಾನ್ಯವಾಗಿ ಯಾರ ಬಾಯಲ್ಲಿಯೂ ಬರುವುದಿಲ್ಲ. ಹಿಂದುಳಿದವರು ಎದ್ದುಹೋದ ಮೇಲೆ ಮೂಲ ತರಗತಿಯಲ್ಲಿ ಉಳಿದ ಮಕ್ಕಳ ಸಂಖ್ಯೆಯೂ ಕಡಿಮೆಯಾಯಿತಷ್ಟೆ? ಅವರಿಗೂ ಲಾಭವಾಗಿರಬೇಕೆಂದು ಯಾರಾದರೂ ಊಹಿಸುತ್ತಾರೆ. ಆಗಲಿಲ್ಲ! ತರಗತಿ ಚಿಕ್ಕದಾದರೂ ಪಾಠ ಹಿಂದಿನಂತೆಯೇ ನಡೆಯಿತು, ಕಲಿಕೆಯೂ ಹಿಂದಿನಂತೆಯೇ ಉಳಿಯಿತು. ಆದುದರಿಂದ ಚಿಕ್ಕ ಸಂಖ್ಯೆಯಲ್ಲಿ ತನ್ನಷ್ಟಕ್ಕೆ ಯಾವ ಮಂತ್ರಶಕ್ತಿಯೂ ಇಲ್ಲ. ಗುಂಪು ಚಿಕ್ಕದಾದಾಗ ಮಗುವಿನ ಮಟ್ಟ ಕಾಣಿಸುತ್ತದೆ; ಕಂಡ ಮಟ್ಟಕ್ಕೆ ಪಾಠವನ್ನು ಇಳಿಸಿದರೆ ಮಾತ್ರ ಫಲ.

ಆ ಫಲ ಎಷ್ಟು ದಿನ ಉಳಿಯುತ್ತದೆ? ಯೋಜನೆ ಮುಗಿದ ಒಂದು ವರ್ಷದ ಮೇಲೆ ನೋಡಿದಾಗ ಬಾಲಸಖಿಯ ಬಳಿ ಕಲಿತವರ ಮುನ್ನಡೆ 0.10ರ ಆಸುಪಾಸಿಗೆ ಇಳಿದಿತ್ತು. ಇದನ್ನೂ ಮುಚ್ಚಿಡಬಾರದು. ನೀರೆರೆಯುವುದನ್ನು ನಿಲ್ಲಿಸಿದ ಗಿಡ ಸೊರಗುವುದು ಸಹಜವೆಂದು ನಾನು ಎಣಿಸುತ್ತೇನೆ.

ಶಾಲೆಯ ಹೊರಗೆ, ಸ್ವಯಂಸೇವಕರಿಂದಲೇ ಈ ಕೆಲಸವಾಗದೆ? ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ 2005–06ರಲ್ಲಿ ಇದನ್ನೂ ಪರೀಕ್ಷಿಸಿದರು. ಹಳ್ಳಿಯ ತರುಣರು ಉತ್ಸಾಹದಿಂದ ಮುಂದೆ ಬಂದು ಸಂಜೆಯ ವಾಚನ ತರಗತಿಗಳನ್ನು ನಡೆಸಿದರು. ಅಕ್ಷರವನ್ನೇ ಅರಿಯದೆ ಬಂದ ಮಕ್ಕಳು ಅಕ್ಷರ ಗುರುತಿಸಲು ಕಲಿತರು. ಅಕ್ಷರ ಬಲ್ಲವರು ಮುಂದಿನ ಮೆಟ್ಟಲನ್ನೇರಿದರು. ಬಂದವರಿಗೆಲ್ಲ ಪ್ರಯೋಜನವಾಯಿತು, ಆದರೆ ಬಂದವರು ನೂರಕ್ಕೆ ಎಂಟು ಮಂದಿ. ಯಾರಿಗೆ ಅತ್ಯವಶ್ಯವಾಗಿತ್ತೋ ಅವರಲ್ಲಿ ಹೆಚ್ಚಿನವರು ಮನೆಯಲ್ಲಿಯೇ ಉಳಿದರು. ಮಗು ಈಗಾಗಲೇ ಬಂದು ಕುಳಿತಿರುವ ಸ್ಥಳವಾದ ಶಾಲೆಯಲ್ಲಿ, ಶಾಲೆಯ ವೇಳಾಪಟ್ಟಿಯ ಒಳಗೇ ಈ ಕೆಲಸ ನಡೆಯಬೇಕೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ.

ಶಾಲೆಯ ಒಳಗೆ ತಂದೊಡನೆ ಎಲ್ಲವೂ ಸರಿಹೋಗುತ್ತದೆಯೆಂದಲ್ಲ. ಬಿಹಾರದಲ್ಲಿ 2008ರ ಬೇಸಗೆಯಲ್ಲಿ ಸರ್ಕಾರಿ ಉಪಾಧ್ಯಾಯರೇ ಹಿಂದುಳಿದ ಮಕ್ಕಳಿಗಾಗಿ ಒಂದು ತಿಂಗಳ ಶಿಬಿರ ನಡೆಸಿದಾಗ ಮಕ್ಕಳು ಕಲಿತರು. ಅದೇ ಉಪಾಧ್ಯಾಯರಿಗೆ ತರಬೇತಿಯನ್ನೂ ಪುಸ್ತಕಗಳನ್ನೂ ಕೊಟ್ಟು ಶಾಲೆಯ ದಿನಗಳಲ್ಲಿ ಹೀಗೆಯೇ ಮಾಡಿರೆಂದಾಗ ಏನೂ ಆಗಲಿಲ್ಲ. ಶಾಲೆ ತೆರೆದೊಡನೆ ಪಠ್ಯಕ್ರಮವನ್ನು ಮುಗಿಸುವ ಚಿಂತೆ ಅವರನ್ನು ಆವರಿಸಿಕೊಂಡಿತು. ಉಪಾಧ್ಯಾಯರಿಗೆ ಬಾರದೆಂಬ ದೂರು ಇಲ್ಲಿ ಸುಳ್ಳಾಯಿತು. ಅವರಿಗೆ ಬರುತ್ತಿತ್ತು, ಬಿಡುವಿರಲಿಲ್ಲ. ಹರಿಯಾಣದಲ್ಲಿ 2012–13ರಲ್ಲಿ ದಿನಕ್ಕೆ ಒಂದು ಗಂಟೆಯನ್ನು ಇದಕ್ಕೆಂದೇ ಮೀಸಲಿಟ್ಟು, ಆ ಗಂಟೆಯಲ್ಲಿ ಮೂರರಿಂದ ಐದನೆಯ ತರಗತಿಯ ಮಕ್ಕಳನ್ನು ತರಗತಿಯ ಭೇದವಿಲ್ಲದೆ ಓದಿನ ಮಟ್ಟಕ್ಕೆ ತಕ್ಕಂತೆ ಕೂರಿಸಿ, ಮೇಲ್ವಿಚಾರಕರು ಬಂದು ನೋಡುವ ಏರ್ಪಾಡು ಮಾಡಿದಾಗ ಹಿಂದಿ ಓದು ಸುಧಾರಿಸಿತು. ಉತ್ತರ ಪ್ರದೇಶದಲ್ಲಿ 2013–14ರಲ್ಲಿ ಪ್ರಥಮ್ ಸಂಸ್ಥೆಯ ಕಾರ್ಯಕರ್ತರು ಶಾಲೆಗಳಲ್ಲಿಯೇ ಒಟ್ಟು ಸುಮಾರು 50 ದಿನಗಳ ಶಿಬಿರಗಳನ್ನು ನಡೆಸಿದಾಗಲಂತೂ 0.6ರಿಂದ 0.7 ಮಾನಕ ವಿಚಲನೆಯಷ್ಟು ಏರಿಕೆಯಾಯಿತು. ಐವತ್ತು ದಿನಗಳಲ್ಲಿ ಇದು ಸಣ್ಣ ಸಾಧನೆಯಲ್ಲ.

ಕರ್ನಾಟಕಕ್ಕೆ ಗುಂಪಿನ ಕಲಿಕೆ ಅಪರಿಚಿತವಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ‘ನಲಿ-ಕಲಿ’ ಪದ್ಧತಿ 2009ರ ಬಳಿಕ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಕೆಳತರಗತಿಗಳಿಗೆಲ್ಲ ಹರಡಿತು. ಅದರಲ್ಲಿ ಮಕ್ಕಳು ಕಲಿಕಾ ಏಣಿಯ ಮೇಲೆ ತಮ್ಮ ತಮ್ಮ ಮೆಟ್ಟಲಿಗನುಗುಣವಾಗಿ ಬೇರೆ ಬೇರೆ ತಟ್ಟೆಗಳಲ್ಲಿ ಕುಳಿತುಕೊಳ್ಳುತ್ತಾರೆ. ಒಂದು ತಟ್ಟೆಯವರಿಗೆ ಶಿಕ್ಷಕರ ಪೂರ್ಣ ನೆರವು, ಇನ್ನೊಂದಕ್ಕೆ ಸಹಪಾಠಿಗಳ ನೆರವು, ಮತ್ತೊಂದರಲ್ಲಿ ಸ್ವಕಲಿಕೆ. ನಾನು ಹೇಳುತ್ತಿರುವ ಅಸಮಾನ ಹಂಚಿಕೆಯ ತತ್ತ್ವ ಇದರೊಳಗೇ ಅಡಗಿದೆ. ಇದು ನಿಜವಾಗಿ ಫಲಿಸುತ್ತಿದೆಯೇ ಎಂದು ತಿಳಿಯಬೇಕಾದವರು ಗೋಡೆಯ ಮೇಲಿನ ಚಿತ್ರಗಳನ್ನಾಗಲಿ ಕಾರ್ಡುಗಳನ್ನಾಗಲಿ ಎಣಿಸದೆ, ಮೊದಲ ತಟ್ಟೆಯ ಬಳಿ ಅರ್ಧ ಗಂಟೆ ಕುಳಿತು, ಉಪಾಧ್ಯಾಯರು ಎಷ್ಟು ಹೊತ್ತು ಮಗುವಿನ ಓದಿಗೆ ಕಿವಿಗೊಟ್ಟರೆಂಬುದನ್ನು ಗಡಿಯಾರದಿಂದ ಅಳೆಯಲಿ.

ಈ ಏರ್ಪಾಡಿನಲ್ಲಿ ಅಪಾಯವೇ ಇಲ್ಲವೆಂದು ನಾನು ಹೇಳಲಾರೆ. ‘ದಡ್ಡರ ಗುಂಪು’ ಎಂಬ ಹೆಸರು ಒಂದು ಸಲ ಅಂಟಿದರೆ ಮಗು ಅದನ್ನು ತನ್ನ ಜಾತಕವೆಂದೇ ನಂಬುತ್ತದೆ. ಮನೆಯ ಬಡತನವೂ ಜಾತಿಯೂ ಈ ಗುಂಪುಗಳಲ್ಲಿ ಎದ್ದು ಕಂಡರಂತೂ ಅನರ್ಥಕ್ಕೆ ಕೊನೆಯಿಲ್ಲ. ಆದುದರಿಂದ ಗುಂಪು ಓದಿನ ಆ ಒಂದು ಗಂಟೆಗೆ ಮಾತ್ರ ಇರಬೇಕು. ಆಟ, ಊಟ, ಲೆಕ್ಕ, ಹಾಡುಗಳಲ್ಲಿ ಎಲ್ಲರೂ ಒಂದೇ. ಮೂರು ನಾಲ್ಕು ವಾರಗಳಿಗೊಮ್ಮೆ ಮತ್ತೆ ಓದಿಸಿ ನೋಡಿ, ಮುಂದುವರಿದವರನ್ನು ಮೇಲಿನ ಗುಂಪಿಗೆ ಸೇರಿಸಬೇಕು. ಜೂನಿನಲ್ಲಿ ಮಾಡಿದ ಗುಂಪು ಮುಂದಿನ ಮಾರ್ಚಿಯಲ್ಲಿಯೂ ಹಾಗೆಯೇ ಇದ್ದರೆ ಅದು ನೆರವಲ್ಲ, ಬಹಿಷ್ಕಾರ.

ಯಾರು ಕಲಿಸಬೇಕೆಂಬ ಪ್ರಶ್ನೆಯಲ್ಲಿ ನಮ್ಮ ರೂಢಿ ತಲೆಕೆಳಗಾಗಿದೆ. ಚೆನ್ನಾಗಿ ಓದುವವರಿಗೆ ನುರಿತ ಉಪಾಧ್ಯಾಯರು, ಹಿಂದುಳಿದವರಿಗೆ ಯಾರೋ ಸಹಾಯಕರು ಎಂಬುದು ಅಲ್ಲಲ್ಲಿ ಕಾಣುವ ಏರ್ಪಾಡು. ಬಾಲಸಖಿಯರು ಗೆದ್ದರೆಂಬುದನ್ನೇ ನೆಪಮಾಡಿಕೊಂಡು ಇದನ್ನು ಸಮರ್ಥಿಸುವವರೂ ಇದ್ದಾರೆ. ಆದರೆ ‘ಸೂಯರ್’ ಎಂಬ ತಪ್ಪಿನ ಹಿಂದೆ ಎಂಥ ತರ್ಕವಿದೆಯೆಂದು ಥಟ್ಟನೆ ಗ್ರಹಿಸಲು ಅನುಭವ ಬೇಕು. ತನ್ನಷ್ಟಕ್ಕೆ ಓದಿಕೊಳ್ಳುವ ಮಕ್ಕಳ ಬಳಿ ಯಾರು ಕುಳಿತರೂ ನಡೆದೀತು. ಅತ್ಯಂತ ಕೆಳಗಿನ ಗುಂಪಿಗೆ ಶಾಲೆಯ ಅತ್ಯಂತ ನುರಿತವರೇ ಹೋಗಬೇಕು. 1789ರಲ್ಲಿ ಮದರಾಸಿನ ಎಳುಂಬೂರಿನ ಅನಾಥಾಲಯದ ಮೇಲ್ವಿಚಾರಕನಾದ ಆಂಡ್ರೂ ಬೆಲ್, ನಮ್ಮ ನಾಡಿನ ಜಗಲಿಯ ಶಾಲೆಯಲ್ಲಿ ಮಕ್ಕಳು ಮರಳಿನ ಮೇಲೆ ಬರೆದು ಕಲಿಯುವುದನ್ನು ಕಂಡು, ಹಿರಿಯ ಹುಡುಗರಿಂದ ಕಿರಿಯರಿಗೆ ಪಾಠ ಹೇಳಿಸುವ ಕ್ರಮವನ್ನು ಬೆಳೆಸಿದ. 1797ರಲ್ಲಿ ಅದನ್ನು ಇಂಗ್ಲೆಂಡಿನಲ್ಲಿ ಪ್ರಕಟಿಸಿದ. ಅಲ್ಲಿ ‘ಮದರಾಸ್ ಪದ್ಧತಿ’ಯೆಂದು ಹೆಸರಾದ ಅದು ನೂರಾರು ಮಕ್ಕಳನ್ನು ಒಬ್ಬ ಉಪಾಧ್ಯಾಯನ ಕೈಯಲ್ಲಿ ಅಗ್ಗವಾಗಿ ತುಂಬುವ ಯಂತ್ರವಾಯಿತು. ಅಗ್ಗವೆಂಬ ಕಾರಣಕ್ಕೆ ಸಹಾಯಕರನ್ನು ಹುಡುಕುವವರು ಈ ಕಥೆಯನ್ನು ಒಮ್ಮೆ ಓದಿಕೊಳ್ಳಬೇಕು.

ಹಾಗೆಂದು ಪ್ರೌಢಶಾಲೆ, ಕಾಲೇಜುಗಳ ವಿದ್ಯಾರ್ಥಿಗಳಾದ ನಿಮಗೆ ಇಲ್ಲಿ ಕೆಲಸವಿಲ್ಲವೆಂದಲ್ಲ. ನಿಮ್ಮ ಊರಿನ ಶಾಲೆಯ ಮುಖ್ಯೋಪಾಧ್ಯಾಯರು ಒಪ್ಪಿದರೆ, ನಡುವಿನ ಗುಂಪಿನ ನಾಲ್ಕು ಮಕ್ಕಳ ಜೊತೆ ವಾರಕ್ಕೆರಡು ದಿನ ಕುಳಿತು ಅವರ ಓದನ್ನು ಕೇಳಬಹುದು. ಮನೆಯಲ್ಲಿ ತಮ್ಮನೋ ತಂಗಿಯೋ ಇದ್ದರೆ ಯಾರ ಒಪ್ಪಿಗೆಯೂ ಬೇಡ. ಒಂದು ಕೌಶಲವನ್ನು ಮಾತ್ರ ನೀವು ಅಭ್ಯಾಸ ಮಾಡಿಕೊಳ್ಳಬೇಕು. ಮಗು ಒಂದು ಪದದ ಮುಂದೆ ನಿಂತಾಗ ನಿಮ್ಮ ನಾಲಗೆ ಅದನ್ನು ಹೇಳಿಬಿಡಲು ತುರಿಸುತ್ತದೆ. ತಡೆಯಿರಿ. ನ್ಯೂಜಿಲೆಂಡಿನ ವಿದ್ವಾಂಸರು 1981ರಲ್ಲಿ ಪ್ರಕಟಿಸಿದ, ಓದಿನ ನೆರವಿಗರಿಗಾಗಿ ರೂಪಿಸಿದ ಕ್ರಮವೊಂದರಲ್ಲಿ ಮೊದಲ ಹೆಜ್ಜೆಯೇ ಇದು: ಸುಮಾರು ಐದು ಸೆಕೆಂಡು ಸುಮ್ಮನಿರುವುದು. ಅಷ್ಟರಲ್ಲಿ ಮಗು ತಾನೇ ತಿದ್ದಿಕೊಂಡರೆ ಒಂದು ಒಳ್ಳೆಯ ಮಾತು. ತಿದ್ದಿಕೊಳ್ಳದಿದ್ದರೆ ಒಂದು ಸುಳಿವು: ‘ಯ’ದ ಪಕ್ಕದ ಆ ಗುರುತನ್ನು ನೋಡು, ಅದನ್ನು ಮೊದಲು ಹೇಳಬೇಕು. ಆಗಲೂ ಬಾರದಿದ್ದರೆ ಪದವನ್ನು ನೀವೇ ಹೇಳಿ, ಮುಂದಿನ ಸಾಲಿಗೆ ಹೋಗಿ. ಐದು ಸೆಕೆಂಡು ಎಷ್ಟು ದೀರ್ಘವೆಂಬುದು ಮೊದಲ ದಿನವೇ ನಿಮಗೆ ತಿಳಿಯುತ್ತದೆ. ಮನಸ್ಸಿನಲ್ಲಿಯೇ ಎಣಿಸಿಕೊಳ್ಳುವುದು ಒಳ್ಳೆಯದು.